ಜೂನ್‌ನ ಬ್ಯಾಗ್, ಅಕ್ಟೋಬರ್‌ನ ಖಾಲಿ ಬೆಂಚು: ಗಡಿನಾಡಿನ ಮಕ್ಕಳು ಶಾಲೆ ಬಿಡುವುದು ಎಲ್ಲಿ, ತಡೆಯುವುದು ಹೇಗೆ?

ಜೂನ್ ಬಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಊರುಗಳಲ್ಲಿ ಒಂದು ಕಾರ್ಯಕ್ರಮ ತಪ್ಪುವುದಿಲ್ಲ. ಜಮಾಅತ್ ಕಮಿಟಿಯೋ, ಊರಿನ ಕ್ಲಬ್ಬೋ, ಗಲ್ಫ್‌ನಲ್ಲಿರುವವರ ವಾಟ್ಸಪ್ ಗ್ರೂಪೋ ಸೇರಿ ಬಡ ಮಕ್ಕಳಿಗೆ ಬ್ಯಾಗ್, ಕೊಡೆ, ನೋಟ್ ಪುಸ್ತಕ ಹಂಚುತ್ತಾರೆ. ಬ್ಯಾನರ್ ಇರುತ್ತದೆ, ಫೋಟೋ ಇರುತ್ತದೆ. ಒಳ್ಳೆಯ ಕೆಲಸವೇ. ಕರಾವಳಿಯ ಮಳೆಯಲ್ಲಿ ಕೊಡೆ ಇಲ್ಲದ ಮಗುವಿಗೆ ಕೊಡೆ ಸಿಗುವುದು ಸಣ್ಣ ವಿಷಯ ಅಲ್ಲ. ಆದರೆ ಅದೇ ಮಗು ಅಕ್ಟೋಬರ್‌ನಲ್ಲಿ ಬೆಂಚಿನಲ್ಲಿ ಕೂತಿದೆಯಾ ಅಂತ ನೋಡುವವರು ಎಷ್ಟು ಮಂದಿ? ಬ್ಯಾಗ್ ಹಂಚಿದವರ ಪಟ್ಟಿ ಎಲ್ಲ ಕಮಿಟಿಯಲ್ಲೂ ಉಂಟು. ಬ್ಯಾಗ್ ಪಡೆದ ಮಕ್ಕಳಲ್ಲಿ ಯಾರು ಶಾಲೆಯಲ್ಲಿ ಉಳಿದರು ಎಂಬ ಪಟ್ಟಿ ಹೆಚ್ಚಿನ ಕಡೆ ಇಲ್ಲ.

"ನಾಳೆಯಿಂದ ನಾನು ಹೋಗುವುದಿಲ್ಲ" ಎಂದು ಘೋಷಣೆ ಮಾಡಿ ಶಾಲೆ ಬಿಡುವ ಮಕ್ಕಳು ಕಡಿಮೆ. ಮೊದಲು ಸೋಮವಾರ ಬರುವುದಿಲ್ಲ. ಆಮೇಲೆ ವಾರಕ್ಕೆ ಎರಡು ದಿನ. ಓಣಂ ಪರೀಕ್ಷೆ ಬರೆಯುತ್ತದೆ, ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ ಕಾಣುವುದಿಲ್ಲ. ಕೇಳಿದರೆ "ಜ್ವರ ಇತ್ತು", "ಮಾಮನ ಮನೆಗೆ ಹೋಗಿದ್ದೆ". ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಹಾಗೇ ಇರುತ್ತದೆ. 6ರಿಂದ 14ರ ವಯಸ್ಸಿನ ಮಗು ಮುನ್ಸೂಚನೆ ಇಲ್ಲದೆ 45 ದಿನ ಅಥವಾ ಹೆಚ್ಚು ಗೈರಾದರೆ ಅದನ್ನು 'ಶಾಲೆಯಿಂದ ಹೊರಗುಳಿದ ಮಗು' ಎಂದು ಲೆಕ್ಕ ಹಾಕಬೇಕು ಎಂಬುದು ಕೇಂದ್ರ ಶಿಕ್ಷಣ ಇಲಾಖೆಯ ವ್ಯಾಖ್ಯೆ. ಒಂದೂವರೆ ತಿಂಗಳು ಅಂದರೆ ಅಂಗಡಿಯ ಗಲ್ಲಾದಲ್ಲಿ ಕೂತು ಕೈಗೆ ಹಣ ಬಂದು ರೂಢಿಯಾಗಲು ಧಾರಾಳ ಸಾಕು. ಲೆಕ್ಕಕ್ಕೆ ಬರುವಾಗ ಮಗು ಕೈ ತಪ್ಪಿರುತ್ತದೆ.

ಇನ್ನೊಂದು ಲೆಕ್ಕ ನೋಡಿ. ಯುಡೈಸ್ ಪ್ಲಸ್ ವರದಿಯ ಪ್ರಕಾರ 2021-22ರಲ್ಲಿ ದೇಶದಲ್ಲಿ ಕಿರಿಯ ಪ್ರಾಥಮಿಕದಲ್ಲಿ ಶಾಲೆ ಬಿಟ್ಟವರು ಶೇ. 1.5, ಹಿರಿಯ ಪ್ರಾಥಮಿಕದಲ್ಲಿ ಶೇ. 3. ಪ್ರೌಢಶಾಲೆಗೆ ಬಂದಾಗ ಅದು ಒಮ್ಮೆಲೇ ಶೇ. 12.6. ಮೆಟ್ಟಿಲಿನಂತೆ ಏರಿದ್ದಲ್ಲ ಅದು, ಎಂಟನೇ ತರಗತಿ ದಾಟಿದ ಕೂಡಲೇ ಒಂದು ಹೊಂಡ. ಇದಕ್ಕೆ ಕಾರಣವೂ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗೆ, ಅಂದರೆ ಎಂಟನೇ ತರಗತಿಯವರೆಗೆ ಮಾತ್ರ ಕೈ ಹಿಡಿಯುತ್ತದೆ. ಮುಸ್ಲಿಮ್ ಮಕ್ಕಳ ಮಟ್ಟಿಗೆ 2006ರ ಸಾಚಾರ್ ಸಮಿತಿ ವರದಿ ಇನ್ನೂ ಕೆಳಗಿನ ವಯಸ್ಸಿನಲ್ಲೇ ಸಮಸ್ಯೆ ತೋರಿಸಿತ್ತು: 6ರಿಂದ 14 ವರ್ಷದೊಳಗಿನ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಒಂದೋ ಶಾಲೆಗೇ ಹೋಗಿರಲಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದರು. ಆಮೇಲೆ ಪರಿಸ್ಥಿತಿ ಸುಧಾರಿಸಿದೆ. ಕೇರಳದಲ್ಲಂತೂ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 99ರ ಮೇಲೆಯೇ ಇರುತ್ತದೆ. ಹಾಗಾಗಿ "ನಮ್ಮಲ್ಲಿ ಡ್ರಾಪೌಟ್ ಎಲ್ಲಿ ಉಂಟು?" ಎಂದು ಕೇಳುವವರಿದ್ದಾರೆ. ಆ 99 ಪರೀಕ್ಷೆಗೆ ಕೂತವರ ಲೆಕ್ಕ. ಕೂರದವರು, ಮತ್ತು ಪಾಸಾಗಿ ಪ್ಲಸ್ ಒನ್‌ಗೆ ಸೇರಿ ಮೂರೇ ತಿಂಗಳಲ್ಲಿ ಬಿಟ್ಟವರು ಅದರಲ್ಲಿ ಬರುವುದಿಲ್ಲ.

ಗಡಿನಾಡಿನ ಮಗುವಿಗೆ ಬೇರೆ ಕಡೆ ಇಲ್ಲದ ಒಂದು ಕಷ್ಟ ಉಂಟು, ಅದು ಭಾಷೆಯದ್ದು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ಇಲ್ಲಿಯ ಕನ್ನಡ ಮಾಧ್ಯಮ ಶಾಲೆಗಳು ಉಳಿದುಕೊಂಡವು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಮಾಡಿಕೊಡಬೇಕು ಎಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಬ್ಯಾರಿ ಮನೆಯ ಮಗುವಿಗೆ ಮಾತ್ರ ಕನ್ನಡವೇ ಎರಡನೆಯ ಭಾಷೆ. ಮನೆಯಲ್ಲಿ ಉಮ್ಮನ ಜೊತೆ ಬ್ಯಾರಿ. ಬೆಳಿಗ್ಗೆ ಮದ್ರಸದಲ್ಲಿ ಅರಬಿ ಅಕ್ಷರ, ಹಲವೆಡೆ ಅರಬಿ-ಮಲಯಾಳಂ ಪುಸ್ತಕ. ಹತ್ತು ಗಂಟೆಗೆ ಶಾಲೆಯಲ್ಲಿ ಕನ್ನಡ ಅಕ್ಷರ, ಜೊತೆಗೆ ಇಂಗ್ಲಿಷ್, ಹಿಂದಿ. ವಿಲೇಜ್ ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಮಲಯಾಳಂ. ಬ್ಯಾರಿ ಬರುವ ಮಗುವಿಗೆ ಮಲಯಾಳಂ ಮಾತು ಬೇಗ ಅರ್ಥವಾಗುತ್ತದೆ, ಓದಲು ಮಾತ್ರ ಬರುವುದಿಲ್ಲ. ಇದು ದೊಡ್ಡವರನ್ನೂ ಮೋಸಗೊಳಿಸುತ್ತದೆ. "ಮಲಯಾಳಂ ಗೊತ್ತಲ್ಲ ಅವನಿಗೆ" ಅನ್ನುತ್ತಾರೆ. ಮಾತು ಗೊತ್ತಿರುವುದೇ ಬೇರೆ, ಪಾಠ ಬರೆದುಕೊಳ್ಳುವುದೇ ಬೇರೆ.

ಇದರ ಪೆಟ್ಟು ನಿಜವಾಗಿ ಬೀಳುವುದು ಹತ್ತರ ನಂತರ. ಹತ್ತು ವರ್ಷ 'ದ್ಯುತಿಸಂಶ್ಲೇಷಣೆ' ಎಂದು ಕಲಿತವನಿಗೆ ಪ್ಲಸ್ ಒನ್‌ನಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳಂನಲ್ಲಿ. ಮೊದಲ ತಿಂಗಳು ಏನೂ ತಲೆಗೆ ಹೋಗುವುದಿಲ್ಲ. ಹಿಂದಿನ ಬೆಂಚು, ಆಮೇಲೆ ಗೇಟಿನ ಹೊರಗಿನ ಅಂಗಡಿ, ಆಮೇಲೆ ಮನೆ. ದಡ್ಡನಾಗಿದ್ದರೆ ಹತ್ತು ಪಾಸಾಗುತ್ತಿರಲಿಲ್ಲ. ಅವನು ಸೋತದ್ದು ಪಾರಿಭಾಷಿಕ ಪದಗಳ ಮುಂದೆ. ಕನ್ನಡ ಶಾಲೆಗಳಿಗೇ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಊರವರು ಪ್ರತಿಭಟನೆ ಮಾಡಿದ್ದು ಕಾಸರಗೋಡಿನಲ್ಲಿ ಹಲವು ಸಲ ನಡೆದಿದೆ. ಆ ಹೋರಾಟ ನ್ಯಾಯವಾದದ್ದೇ. ಆದರೆ ಹತ್ತರ ಪರೀಕ್ಷೆ ಮುಗಿದ ಮಾರ್ಚ್ ಕೊನೆಯಿಂದ ಪ್ಲಸ್ ಒನ್ ತರಗತಿ ಶುರುವಾಗುವವರೆಗೆ ಮಕ್ಕಳಿಗೆ ಎರಡು ತಿಂಗಳಿಗೂ ಹೆಚ್ಚು ಬಿಡುವು. ಆಗ ಊರಿನ ಡಿಗ್ರಿ ವಿದ್ಯಾರ್ಥಿ ಇಬ್ಬರು ಕೂತು ವಿಜ್ಞಾನ, ವಾಣಿಜ್ಯದ ಇಂಗ್ಲಿಷ್ ಪದಗಳನ್ನು, ಮಲಯಾಳಂ ಅಕ್ಷರಗಳನ್ನು ಕಲಿಸಿಕೊಟ್ಟರೆ, ಅದಕ್ಕೆ ಯಾವ ಸರಕಾರದ ಆದೇಶವೂ ಬೇಡ. ಮದ್ರಸದ ಕೋಣೆ ಹಗಲು ಖಾಲಿಯೇ ಇರುತ್ತದೆ.

ಭಾಷೆಯ ನಂತರದ ತೊಡಕು ಕಾಗದಪತ್ರದ್ದು. ಜನನ ಪ್ರಮಾಣಪತ್ರದಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಶಾಲೆಯಲ್ಲಿ ಮೊದಲಿಗೆ ಒಂದು ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಕೊನೆಗೆ ಇನ್ನೊಂದು. ಮೊಯ್ದಿನ್, ಮೊಹಿದ್ದೀನ್, ಮುಹ್ಯುದ್ದೀನ್ ಎಲ್ಲ ಒಬ್ಬರೇ ಎಂದು ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಸ್ಕಾಲರ್‌ಶಿಪ್ ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ಬರುವುದರಿಂದ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಅರ್ಜಿ ನಿಂತುಬಿಡುತ್ತದೆ. ಶಾಲೆಯ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನ ಸರಿಪಡಿಸುವುದಾದರೆ ಎಸ್ಸೆಸ್ಸೆಲ್ಸಿ ಪಟ್ಟಿ ಅಂತಿಮವಾಗುವ ಮೊದಲೇ ಮಾಡಿಸಬೇಕು. ಆಮೇಲೆ ಅಲೆದಾಟ ಎಷ್ಟು ಅಂತ ಪಾಸ್‌ಪೋರ್ಟ್‌ಗೆ ಓಡಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಟಿ.ಸಿ.ಯದ್ದು ಇನ್ನೊಂದು ಕಥೆ. ಬಾಪನ ಗಲ್ಫ್ ಕೆಲಸ ಇದ್ದಾಗ ಮಗುವನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸುತ್ತಾರೆ. ಕೆಲಸ ಹೋದಾಗ ಫೀಸ್ ಬಾಕಿಯಾಗುತ್ತದೆ. ಬಾಕಿ ಕಟ್ಟದೆ ಟಿ.ಸಿ. ಕೊಡುವುದಿಲ್ಲ ಎಂದು ಶಾಲೆ, ಟಿ.ಸಿ. ಇಲ್ಲದೆ ಸೇರಿಸುವುದು ಹೇಗೆ ಎಂದು ಮನೆಯವರ ಅನುಮಾನ. ನಡುವೆ ಮಗು ಮನೆಯಲ್ಲಿ. ಇಲ್ಲಿ ಕಾನೂನು ಸ್ಪಷ್ಟ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿಯವರೆಗಿನ ಮಗು ಬೇರೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಲು ಬಯಸಿದರೆ ಹೆಡ್‌ಮಾಸ್ಟರ್ ಕೂಡಲೇ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ರಾಜ್ಯದ ಒಳಗೆ ಮಾತ್ರವಲ್ಲ, ಹೊರಗಿನಿಂದ ಬಂದರೂ ಈ ಹಕ್ಕು ಉಂಟು. ತಲಪಾಡಿ ಗೇಟಿನ ಆಚೆ ಈಚೆ ಸಂಸಾರ ಇರುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಎಂದೂ ವಾಪಸ್ ಕಳಿಸುವಂತಿಲ್ಲ. ಆಧಾರ್ ಇಲ್ಲದ ಕಾರಣಕ್ಕೆ ಶಾಲಾ ಪ್ರವೇಶ ತಡೆಯಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇಷ್ಟನ್ನು ಹೇಳಲು ವಕೀಲರು ಬೇಕಿಲ್ಲ. ಉಮ್ಮನ ಜೊತೆ ಶಾಲೆಗೆ ಹೋಗಿ ಗೌರವದಿಂದ ಮಾತಾಡುವ ಒಬ್ಬರು ಸಾಕು. ಒಬ್ಬಳೇ ಹೋದ ಉಮ್ಮನಿಗೂ, ಜೊತೆಗೆ ಓದಿದವರು ಇರುವ ಉಮ್ಮನಿಗೂ ಕೌಂಟರಿನಲ್ಲಿ ಸಿಗುವ ಉತ್ತರ ಬೇರೆ ಇರುತ್ತದೆ. ಇರಬಾರದು, ಆದರೆ ಇರುತ್ತದೆ.

ಹಣದ ವಿಷಯಕ್ಕೆ ಬರೋಣ. ಅಲ್ಪಸಂಖ್ಯಾತ ಮಕ್ಕಳ ಕೇಂದ್ರದ ಪ್ರೀ-ಮೆಟ್ರಿಕ್ ಸ್ಕಾಲರ್‌ಶಿಪ್ 2008-09ರಲ್ಲಿ ಶುರುವಾಗಿ ಒಂದನೇ ತರಗತಿಯಿಂದಲೇ ಸಿಗುತ್ತಿತ್ತು. ಎಂಟರವರೆಗೆ ಶಿಕ್ಷಣ ಹೇಗೂ ಉಚಿತ ಎಂಬ ಕಾರಣ ಕೊಟ್ಟು 2022-23ರಿಂದ ಅದನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿದರು. ಅದು ನಿಂತಿತು ಎಂದು ಎಲ್ಲ ಬಾಗಿಲೂ ಮುಚ್ಚಿದೆ ಅಂತ ತಿಳಿದವರು ಬಹಳ. ಎರಡು ಬಾಗಿಲುಗಳ ಕಡೆ ಊರಿನ ಗಮನ ಸಾಕಷ್ಟು ಹೋಗಿಲ್ಲ.

ಒಂದು, ಎನ್‌ಎಂಎಂಎಸ್. ಎಂಟನೇ ತರಗತಿಯಲ್ಲಿ ಒಂದು ಪರೀಕ್ಷೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು, ಏಳರಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ. 50. ಎಂಟರ ನಂತರ ಬಡ ಮಕ್ಕಳು ಬಿಡುತ್ತಾರೆ ಎಂದು ಗೊತ್ತಿದ್ದೇ ಮಾಡಿದ ಯೋಜನೆ ಇದು. ಅಂದರೆ ಆ ಹೊಂಡದ ಮೇಲೆ ಹಾಕಿದ ಹಲಗೆ. ಪರೀಕ್ಷೆಯಲ್ಲಿ ತರ್ಕದ ಪ್ರಶ್ನೆಗಳು ಬರುತ್ತವೆ, ಅಭ್ಯಾಸ ಬೇಕು. ಪೇಟೆಯ ಮಕ್ಕಳು ಕೋಚಿಂಗ್‌ಗೆ ಹೋಗಿ ತಯಾರಾಗುತ್ತಾರೆ. ಹಳ್ಳಿಯ ಶಾಲೆಯಲ್ಲಿ ಆಸಕ್ತಿ ಇರುವ ಮೇಷ್ಟ್ರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡು, ಬೀಡಿ. ಈ ಭಾಗದ ಎಷ್ಟೋ ಮನೆಗಳ ಹೆಂಗಸರು ಬೀಡಿ ಕಟ್ಟಿಯೇ ಸಂಸಾರ ನಡೆಸಿದವರು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಪ್ರತ್ಯೇಕ ಸ್ಕಾಲರ್‌ಶಿಪ್ ಉಂಟು. ಒಂದನೇ ತರಗತಿಗೆ ವರ್ಷಕ್ಕೆ 1,000 ರೂಪಾಯಿಯಿಂದ ಹಿಡಿದು ವೃತ್ತಿಪರ ಕೋರ್ಸಿಗೆ 25,000ದವರೆಗೆ. ಅರ್ಜಿ ಹಾಕುವುದು ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಬೇಕಾದದ್ದು ಉಮ್ಮನ ಅಥವಾ ಬಾಪನ ಬೀಡಿ ಕಾರ್ಮಿಕರ ಗುರುತಿನ ಚೀಟಿ. ಅದು ಎಷ್ಟೋ ಮನೆಯಲ್ಲಿ ಪೆಟ್ಟಿಗೆಯ ಅಡಿಯಲ್ಲಿ ಬಿದ್ದಿರಬಹುದು. ಇನ್ನು ಕೆಲವರು ಬೇರೊಬ್ಬರ ಹೆಸರಿನ ಪಾಸ್‌ಬುಕ್ಕಿನಲ್ಲಿ ಬೀಡಿ ಕೊಡುತ್ತಾ ಬಂದವರು. ಅವರ ಹೆಸರಿನಲ್ಲಿ ದಾಖಲೆಯೇ ಇರುವುದಿಲ್ಲ. ದುಡಿದದ್ದು ಇವರು, ಸವಲತ್ತು ಇನ್ನೊಬ್ಬರದ್ದು.

ಊರಿನ ಸ್ವಂತ ಹಣ ಬರುವುದು ಹೆಚ್ಚಾಗಿ ರಮಝಾನ್‌ನಲ್ಲಿ. ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2017, 2018ರಲ್ಲಿ ಅದು ಶಾಲೆ ತೆರೆಯುವ ಹೊತ್ತಿಗೇ ಬಂದಿತ್ತು, ಸಂಗ್ರಹವಾದದ್ದು ನೇರ ಶಾಲೆಯ ಖರ್ಚಿಗೆ ಹೋಗುತ್ತಿತ್ತು. 2025ರಲ್ಲಿ ಬಂದದ್ದು ಮಾರ್ಚ್‌ನಲ್ಲಿ. ಹಣ ಬರುವಾಗ ಶಾಲಾ ವರ್ಷ ಮುಗಿಯುತ್ತಾ ಬಂದಿರುತ್ತದೆ, ಕಷ್ಟ ಬರುವಾಗ ಡಬ್ಬಿ ಖಾಲಿ. ಬಂದದ್ದರಲ್ಲಿ ಒಂದು ಪಾಲನ್ನು ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಬಸ್ಸಿಗೆ, ಟ್ಯೂಷನ್‌ಗೆ, ಪರೀಕ್ಷಾ ಶುಲ್ಕಕ್ಕೆ ಎಂದು ಎತ್ತಿಡುವುದು ಲೆಕ್ಕದ ಪ್ರಶ್ನೆ ಮಾತ್ರ. ಫೋಟೋ ಚೆನ್ನಾಗಿ ಬರುವುದಿಲ್ಲ, ಅಷ್ಟೇ ತೊಂದರೆ.

ಹುಡುಗರ ವಿಷಯ ಬೇರೆಯೇ ಹೇಳಬೇಕು. ಈಗ ಬ್ಯಾರಿ ಹೆಣ್ಣುಮಕ್ಕಳು ಬಸ್ ಹತ್ತಿ ಕಾಲೇಜಿಗೆ ಹೋಗುತ್ತಿದ್ದಾರೆ, ಅದೇ ಮನೆಯ ಹುಡುಗರು ಅಂಗಡಿಗೆ. ಬೆಂಗಳೂರಿನ ಬೇಕರಿ, ಮಂಗಳೂರಿನ ಮೊಬೈಲ್ ಅಂಗಡಿ, ಮೀನಿನ ದಕ್ಕೆ. "ಓದಿ ಎಂತ ಮಾಡ್ಲಿಕ್ಕುಂಟು, ಹೇಗೂ ಗಲ್ಫ್‌ಗೇ ಹೋಗುವುದಲ್ವಾ" ಎಂಬ ಮಾತು ಹುಡುಗನ ಕಿವಿಗೆ ಬೀಳುವುದು ಮನೆಯಲ್ಲೇ. ಕಾನೂನು ಇಲ್ಲಿ ಅರ್ಧ ಮಾತ್ರ ಸಹಾಯಕ್ಕೆ ಬರುತ್ತದೆ. 2016ರ ತಿದ್ದುಪಡಿಯ ನಂತರ 14ರೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಸಮಯ ಬಿಟ್ಟು ಮನೆಯವರ ಉದ್ಯೋಗದಲ್ಲಿ ನೆರವಾಗುವುದಕ್ಕೆ ವಿನಾಯಿತಿ ಉಂಟು. ಇಟ್ಟುಕೊಂಡವರಿಗೆ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಎರಡು ವರ್ಷ ಜೈಲು. ಮಾಹಿತಿ ಕೊಡಲು 1098. ಆದರೆ 15ರ ಹುಡುಗ ಬೇಕರಿಯಲ್ಲಿ ನಿಂತರೆ ಅದು ಅಪಾಯಕಾರಿ ಕೆಲಸದ ಪಟ್ಟಿಯಲ್ಲಿ ಇಲ್ಲ, ತಡೆಯುವ ಕಾನೂನೂ ಇಲ್ಲ. ಅಲ್ಲಿ ಮಾತಾಡಬೇಕಾದದ್ದು ಅಂಗಡಿಯ ಯಜಮಾನನ ಹತ್ತಿರ. ಅವನು ಹೆಚ್ಚಾಗಿ ಊರಿನವನೇ, ಜುಮಾ ನಮಾಝಿನಲ್ಲಿ ಅದೇ ಸಫ್‌ನಲ್ಲಿ ನಿಲ್ಲುವವನು. "ಹತ್ತು ಮುಗಿಸಿ ಬಾ, ಕೆಲಸ ನಾನೇ ಕೊಡ್ತೇನೆ" ಎಂದು ಅವನು ಒಂದು ಮಾತು ಹೇಳಿದರೆ, ಅದು ಹತ್ತು ಮೇಷ್ಟ್ರುಗಳ ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಫೇಲಾದವರೂ ಇದ್ದಾರೆ. ಕೇರಳದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಮೂರು ವಿಷಯದವರೆಗೆ ಹೋದರೆ 'ಸೇ' ಪರೀಕ್ಷೆ ಬರೆದು ಅದೇ ವರ್ಷ ಮುಂದೆ ಹೋಗಬಹುದು. ಕರ್ನಾಟಕದಲ್ಲಿ 2023-24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಜಾರಿಗೆ ಬಂದಿತ್ತು. ಬಿಟ್ಟು ವರ್ಷಗಳೇ ಆದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಉಂಟು: 14 ತುಂಬಿದವರು ಹತ್ತಕ್ಕೆ ಸೇರಬಹುದು, ಒಮ್ಮೆ ಸೇರಿದರೆ ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಲು ಅವಕಾಶ, ಪಾಸಾದ ವಿಷಯ ಹಾಗೇ ಉಳಿಯುತ್ತದೆ. ಪ್ಲಸ್ ಒನ್ ಸೀಟು ಸಿಗದವರಿಗೆ ಸ್ಕೋಲ್ ಕೇರಳ. ಫೇಲಾದ ದಿನ ಮನೆಯಲ್ಲಿ ಬೈಗುಳ ಜೋರಾಗಿರುವಾಗ ಇದನ್ನು ಯಾರೂ ಹೇಳುವುದಿಲ್ಲ. ಹೇಳಬೇಕಾದ ದಿನ ಮಾತ್ರ ಅದೇ.

ಇನ್ನೊಂದು ಗುಂಪಿನ ಮಕ್ಕಳು ಊರಿನ ಕಣ್ಣಿಗೆ ಬಿದ್ದೂ ಬೀಳದವರು. ಕಟ್ಟಡ, ರಸ್ತೆ, ಕೆಂಪುಕಲ್ಲಿನ ಕೋರೆ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಸಂಸಾರಗಳ ಮಕ್ಕಳು. ಕನ್ನಡವೇ ಮನೆಮಾತು, ಹತ್ತಿರದಲ್ಲೇ ಕನ್ನಡ ಶಾಲೆ, ಆದರೂ ಶಾಲೆಗೆ ಹೋಗುವುದಿಲ್ಲ. ತಮ್ಮನನ್ನು ನೋಡಿಕೊಳ್ಳಬೇಕು, ಜಾತ್ರೆಗೆ ಊರಿಗೆ ಹೋದರೆ ತಿಂಗಳು ಕಳೆದು ಬರುತ್ತಾರೆ. ಮಕ್ಕಳ ಸಂಖ್ಯೆ ಕಡಿಮೆ ಎಂದು ಕಷ್ಟದಲ್ಲಿರುವ ಕನ್ನಡ ಶಾಲೆಗಳಿಗೂ ಈ ಮಕ್ಕಳು ಬೇಕು. ಕಾಯ್ದೆಯ ಪ್ರಕಾರ ವರ್ಷದ ನಡುವೆ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಎರ್ನಾಕುಳಂ ಜಿಲ್ಲೆಯಲ್ಲಿ 2017ರಲ್ಲಿ ಶುರುವಾದ 'ರೋಶ್ನಿ' ಯೋಜನೆಯಲ್ಲಿ ವಲಸೆ ಕಾರ್ಮಿಕರ ಮಕ್ಕಳಿಗೆ ಅವರ ಮನೆಮಾತು ಗೊತ್ತಿರುವ ಸ್ವಯಂಸೇವಕರನ್ನು ಶಾಲೆಗೆ ಕರೆತಂದರು. ಅಲ್ಲಿ ಅದಕ್ಕೆ ಹಿಂದಿ, ಬಂಗಾಳಿ ಬಲ್ಲವರನ್ನು ಹುಡುಕಬೇಕಾಯಿತು. ಇಲ್ಲಿ ಈ ಮಕ್ಕಳ ಭಾಷೆ ಇಡೀ ಊರಿಗೇ ಗೊತ್ತು.

ಹರೇಕಳ ಹಾಜಬ್ಬರ ಹೆಸರು ಇಂಥ ಮಾತಿನ ನಡುವೆ ಬಂದೇ ಬರುತ್ತದೆ. 2020ರಲ್ಲಿ ಪದ್ಮಶ್ರೀ ಘೋಷಣೆಯಾದ ಮೇಲೆ ಕಿತ್ತಳೆ ಬುಟ್ಟಿಯ ಕಥೆ ಎಲ್ಲರಿಗೂ ಬಾಯಿಪಾಠ. ಹೆಚ್ಚು ಜನ ಗಮನಿಸದ ಸಂಗತಿ ಬೇರೆ. ನ್ಯೂಪಡ್ಪುವಿನ ಮಕ್ಕಳಿಗೆ ಬೇಕಾದದ್ದು ಬ್ಯಾಗ್ ಅಲ್ಲ, ಹತ್ತಿರದಲ್ಲಿ ಒಂದು ಶಾಲೆ ಎಂದು ಅವರು ಮೊದಲು ಸರಿಯಾಗಿ ಗುರುತಿಸಿದರು. ಕಟ್ಟಡಕ್ಕೆ ಕಾಯದೆ ಮದ್ರಸದಲ್ಲೇ ತರಗತಿ ಶುರುವಾಯಿತು. ಪ್ರಾಥಮಿಕ ಆದ ಮೇಲೆ ಅಲ್ಲಿಗೇ ನಿಲ್ಲಿಸಲಿಲ್ಲ, ಹೈಸ್ಕೂಲಿಗಾಗಿ ಮತ್ತೆ ಕಚೇರಿಗಳ ಮೆಟ್ಟಿಲು ಹತ್ತಿದರು. ಮಕ್ಕಳು ಮುಂದೆ ಬಿಡುವುದು ಅಲ್ಲೇ ಎಂದು ಅವರಿಗೆ ಗೊತ್ತಿತ್ತು.

ಈಗ ಊರಿಗೆ ಶಾಲೆ ಉಂಟು, ಬಸ್ಸೂ ಉಂಟು. ಬೇಕಾದದ್ದು ಲೆಕ್ಕ ಇಡುವ ಒಬ್ಬರು. ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಸಭೆಗೆ ಹೋಗುವ ಒಬ್ಬ ಉಮ್ಮ, ಬೆಳಿಗ್ಗೆ ಮಕ್ಕಳನ್ನು ನೋಡುವ ಮದ್ರಸದ ಉಸ್ತಾದರು, ತರಗತಿಯ ಟೀಚರ್, ಈ ಮೂವರು ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡಿಕೊಂಡರೂ ಸಾಕು. ಶಾಲೆಗೆ ಬಾರದ ಹುಡುಗ ಹೆಚ್ಚಾಗಿ ಮದ್ರಸಕ್ಕೂ ಬರುವುದು ನಿಲ್ಲಿಸಿರುತ್ತಾನೆ. ಮೂರು ದಿನ ಕಾಣದಿದ್ದರೆ ಮನೆಗೆ ಒಬ್ಬರು ಹೋಗಬೇಕು, ಬೈಯಲು ಅಲ್ಲ, ಎಂತ ಆಯಿತು ಎಂದು ಕೇಳಲು. ಕಾರಣ ಕೆಲವೊಮ್ಮೆ ನಾಚಿಕೆಯಾಗುವಷ್ಟು ಸಣ್ಣದಿರುತ್ತದೆ: ಚಪ್ಪಲಿ ಹರಿದದ್ದು, ಹೋಂವರ್ಕ್ ಮಾಡದೆ ಹೆದರಿದ್ದು, ಉಮ್ಮ ಆಸ್ಪತ್ರೆಯಲ್ಲಿ ಇರುವುದು.

ಮತ್ತೆ ಮೇ ತಿಂಗಳು ಉಂಟು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಪ್ಲಸ್ ಒನ್‌ನ ಏಕಜಾಲಕ ಅರ್ಜಿ ಶುರುವಾಗಿ ಮುಗಿಯುತ್ತದೆ. ಅಲಾಟ್‌ಮೆಂಟ್ ಬಂದಾಗ ಹೇಳಿದ ದಿನದೊಳಗೆ ಸೇರದಿದ್ದರೆ ಸೀಟು ಹೋಯಿತು, ಮುಂದಿನ ಸುತ್ತಿನಲ್ಲೂ ಹೆಸರು ಇರುವುದಿಲ್ಲ. ಅರ್ಜಿಗೆ ಒಟಿಪಿ ಬೇಕು. ಮನೆಯಲ್ಲಿ ಕೊಟ್ಟಿರುವ ನಂಬರ್ ದುಬೈಯಲ್ಲಿರುವ ಬಾಪನದ್ದು, ಬಾಪ ಡ್ಯೂಟಿಯಲ್ಲಿ, ಅಕ್ಷಯ ಕೇಂದ್ರದ ಸಾಲಿನಲ್ಲಿ ಹುಡುಗಿ ಫೋನ್ ಹಿಡಿದು ನಿಂತಿದ್ದಾಳೆ. ಆ ವಾರ ಊರಿನ ಕ್ಲಬ್ಬಿನವರು ಸಂಜೆ ಐದರಿಂದ ಒಂಬತ್ತರವರೆಗೆ ಒಂದು ಮೇಜು, ಒಂದು ಲ್ಯಾಪ್‌ಟಾಪ್ ಇಟ್ಟು ಕೂತರೆ, ಹತ್ತು ಪಾಸಾದ ಪ್ರತಿ ಮಗುವಿನ ಹೆಸರಿನ ಮುಂದೆ 'ಅರ್ಜಿ ಹಾಕಿದೆ, ಸೇರಿದೆ' ಎಂದು ಎರಡು ಟಿಕ್ ಬೀಳುವವರೆಗೆ ಆ ಮೇಜು ತೆಗೆಯಬಾರದು.